ಅಕ್ಕೋರ ಅಧ್ಯಕ್ಷರು

ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲವಂತೆ. ನಮ್ಮ ಅಕ್ಕೋರು ತಮ್ಮ ಗಂಡನನ್ನು ಪಾರ್ಕಿಂಗ್ ಲಾಟಿನ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಹೆಸರು ಹಿಡಿದೇ ಕೂಗುತ್ತಿದ್ದರು. ಅವರು ಎಂದೂ ಹೆಸರಿಟ್ಟು ಹೇಳದೆ ಹೋದದ್ದು ಒಬ್ಬರನ್ನು ಮಾತ್ರ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಆ ದೇಶವನ್ನು ನಡೆಸಿದ, ಗುಲಾಮರ ಬಿಡುಗಡೆಯ ಆಜ್ಞೆಗೆ ಸಹಿ ಹಾಕಿದ, ಯುದ್ಧ ಮುಗಿಯುತ್ತ ಬಂದಾಗ ನಾಟಕ ನೋಡಲು ಹೋಗಿ ಗುಂಡೇಟಿಗೆ ಸತ್ತ ಆ ಎತ್ತರದ ಮನುಷ್ಯ ಅವರ ಬಾಯಲ್ಲಿ ಬರೀ ‘ಅಧ್ಯಕ್ಷರು’. ಅವರ ಮಾತಿಗೆ ಮರ್ಯಾದೆ ಕೊಟ್ಟು ನಾನೂ ಇಲ್ಲಿ ಆ ಹೆಸರು ಬರೆಯುವುದಿಲ್ಲ. ಅಕ್ಕೋರ ಹೆಸರನ್ನೂ ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ಕೆನಡಾದ ಟೊರಾಂಟೊ ಹತ್ತಿರದ ಬೋಲ್ಟನ್ನಿನ ಒಂದು ದಿನಸಿ ವೇರ್‌ಹೌಸಿಗೆ ಅವರು ಮುಖ್ಯಸ್ಥೆ. ಉತ್ತರದ ಊರುಗಳ ಅಂಗಡಿಗಳಿಗೆ, ಆಸ್ಪತ್ರೆಯ ಅಡುಗೆಮನೆಗಳಿಗೆ ಹಾಲು, ಹಿಟ್ಟು, ತರಕಾರಿ ಎಲ್ಲ ಅಲ್ಲಿಂದ ಲಾರಿಗಳಲ್ಲಿ ಹೋಗುತ್ತಿತ್ತು. ನಾನು ಅಲ್ಲಿ ದಾಸ್ತಾನಿನ ಲೆಕ್ಕ ನೋಡುತ್ತಿದ್ದೆ. ನಾನು ಮೈಸೂರಿನ ಕಡೆಯವಳು, ಅವರು ಧಾರವಾಡದವರು. ಇತಿಹಾಸದಲ್ಲಿ ಎಂ.ಎ. ಮಾಡಿ ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವರು ಗಂಡನ ಜೊತೆ ಇಲ್ಲಿಗೆ ಬಂದು, ಮೊದಲ ಚಳಿಗಾಲದಲ್ಲೇ ಇದೇ ವೇರ್‌ಹೌಸಿನಲ್ಲಿ ಡಬ್ಬ ಆರಿಸಿ ಜೋಡಿಸುವ ಕೆಲಸಕ್ಕೆ ಸೇರಿದ್ದರಂತೆ. ಅವರಿದ್ದ ಶಿಫ್ಟಿನಲ್ಲೇ ಅವರ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕು ‘ಅಕ್ಕೋರ!’ ಎಂದು ಕೂಗಿದ. ಆ ಕಡೆ ಟೀಚರಮ್ಮನನ್ನು ಹಾಗೆಯೇ ಕರೆಯುವುದು. ಅಲ್ಲಿಂದ ಕರ್ನಾಟಕದವರೆಲ್ಲರಿಗೂ ಅವರು ಅಕ್ಕೋರು. ಪಂಜಾಬಿನವರಿಗೆ ಮೇಡಂಜೀ. ಟೊರಾಂಟೊ ಪೇಟೆಯಲ್ಲಿದ್ದ ಹೆಡ್ ಆಫೀಸಿನವರಿಗೆ ಅವರು ಕೊನೆಯವರೆಗೂ ಸರಿಯಾಗಿ ಉಚ್ಚರಿಸಲು ಬಾರದ ಒಂದು ಹೆಸರು.

ನಮ್ಮಿಬ್ಬರ ಮನೆಯೂ ಅರೋರಾದಲ್ಲಿ. ಬೆಳಿಗ್ಗೆ ಒಂದೇ ಕಾರಿನಲ್ಲಿ ಹೋಗುತ್ತಿದ್ದೆವು. ಕಿಂಗ್ ರೋಡಿನ ಏರಿಳಿತಗಳಲ್ಲಿ, ಕುದುರೆ ಕಟ್ಟಿದ ಹೊಲಗಳ ಪಕ್ಕ, ಅಧ್ಯಕ್ಷರು ದಿನವೂ ನಮ್ಮ ಹಿಂದಿನ ಸೀಟಿನಲ್ಲಿ ಕುಳಿತು ಬರುತ್ತಿದ್ದರು ಎನ್ನಬೇಕು. ಅಕ್ಕೋರು ಕಥೆಯನ್ನು ಇಡಿಯಾಗಿ ಹೇಳಿದವರೇ ಅಲ್ಲ. ಅಧ್ಯಕ್ಷರ ಮುಂದೆ ಒಂದು ಗಂಟು ಬಂದು ನಿಂತ ಕಡೆ ಅವರೂ ನಿಲ್ಲಿಸಿ, “ಈಗ ನೀನ ಅಧ್ಯಕ್ಷಳು. ಹೇಳು ತಂಗಿ, ಏನ್ ಮಾಡ್ತಿ?” ಎನ್ನುತ್ತಿದ್ದರು. ನಾನು ಏನೋ ಒಂದು ಹೇಳಿದರೆ, “ಸೈನ್ಯ ನಿನ್ನ ಮಾತು ಕೇಳೂದಿಲ್ಲಲ್ಲ, ಆಗ?” ಎಂದು ಇನ್ನೊಂದು ಗಂಟು ಹಾಕುತ್ತಿದ್ದರು. ಅಷ್ಟರಲ್ಲಿ ವೇರ್‌ಹೌಸಿನ ಗೇಟು ಬಂದಿರುತ್ತಿತ್ತು. ಉತ್ತರ ಸಿಗಬೇಕಾದರೆ ಮರುದಿನದವರೆಗೆ ಕಾಯಬೇಕು.

ಅವರು ಮುಖ್ಯಸ್ಥೆಯಾದ ವರ್ಷದ ಒಂದು ಸಂಗತಿ. ಅದೇ ಹುದ್ದೆಗೆ ಇನ್ನೊಬ್ಬನೂ ನಿಂತಿದ್ದ. ಇಲ್ಲೇ ಹುಟ್ಟಿ ಬೆಳೆದ ಕೆನಡಿಯನ್, ವಯಸ್ಸಿನಲ್ಲಿ ಹಿರಿಯ, ಹೆಗಲು ಬಾಗಿಲಿಗೆ ತಾಗುವಂಥ ಆಳು. ಹುದ್ದೆ ಕೈತಪ್ಪಿದ ಮೇಲೆ, ಈ ಹೆಂಗಸು ಕ್ರಿಸ್‌ಮಸ್‌ವರೆಗೆ ಉಳಿಯುವುದಿಲ್ಲ ಎಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿಕೊಂಡು ತಿರುಗುತ್ತಿದ್ದ. ಅಕ್ಕೋರು ಅವನನ್ನು ಬೇರೆ ಕಡೆ ವರ್ಗ ಮಾಡಿಸುತ್ತಾರೆ ಎಂದು ನಾವೆಲ್ಲ ಕಾಯುತ್ತಿದ್ದರೆ ಅವರು ಅವನನ್ನೇ ಸುರಕ್ಷತೆಯ ಮುಖ್ಯಸ್ಥನನ್ನಾಗಿ ಮಾಡಿದರು.

ಮರುದಿನ ಕಾರಿನಲ್ಲಿ ನಾನು ಕೇಳಿಯೇಬಿಟ್ಟೆ. “ಅಕ್ಕೋರೇ, ನಿಮ್ಮನ್ನ ಬೈಕೊಂಡು ಓಡಾಡೋನಿಗೆ ಪ್ರಮೋಷನ್ನಾ?”

“ಅಧ್ಯಕ್ಷರು ಏನ್ ಮಾಡಿದ್ರು? ತಮ್ಮ ವಿರುದ್ಧ ನಿಂತವರನ್ನ ಮಂತ್ರಿ ಮಾಡ್ಕೊಂಡ್ರು. ಅದರಾಗ ಒಬ್ಬಾವ ಅಂತೂ ಕಡೀತನಕಾ ತಾನ ಶಾಣ್ಯಾ ಅಂತ ತಿಳ್ಕೊಂಡಿದ್ದಾ.” ಮುಂದಿನ ಲಾರಿಯನ್ನು ಹಿಂದಿಕ್ಕಿ ಮಾತು ಮುಂದುವರಿಸಿದರು. “ನನ್ನ ತಪ್ಪು ಹುಡುಕಾವ್ ಒಬ್ಬಾವ ಬೇಕು ತಂಗಿ. ಈತ ಹೆಂಗೂ ಹುಡುಕ್ತಾನ. ಪಗಾರ ತಗೊಂಡು ಹುಡುಕಲಿ.”

ಅವನು ಹುಡುಕಿದ. ಅಕ್ಕೋರು ಇಟ್ಟ ರ್‍ಯಾಕು, ಬದಲಿಸಿದ ದಾರಿ, ಬರೆಸಿದ ಬೋರ್ಡು ಯಾವುದನ್ನೂ ಬಿಡದೆ ಆಕ್ಷೇಪಿಸಿದ. ಅರ್ಧಕ್ಕರ್ಧ ಅವನು ಹೇಳಿದ್ದೇ ಸರಿ ಇರುತ್ತಿತ್ತು. ಇವರು ಅಷ್ಟನ್ನೂ ತಿದ್ದಿದರು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಅವನು ಅವರ ಎದುರು ಕುಳಿತು ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಲೇ ಅವರ ಮೇಲೆ ದೂರು ಹೇಳುವ ಮಟ್ಟಕ್ಕೆ ಬಂದಿದ್ದ.

ಕ್ಷಮಿಸುವುದರಲ್ಲಿ ಅವರಿಗೆ ಅಂಜಿಕೆಯೇ ಇರಲಿಲ್ಲ. ಒಮ್ಮೆ ಲಾರಿಯ ಖಾಲಿ ಕಂಟೇನರಿನೊಳಗೆ ನಿದ್ದೆ ಹೋಗಿ ಸಿಕ್ಕಿಬಿದ್ದ ನಡುವಯಸ್ಸಿನ ಸರ್ದಾರ್‌ಜಿಯೊಬ್ಬರನ್ನು ಕೆಲಸದಿಂದ ತೆಗೆಯಲೇಬೇಕೆಂದು ಮೇಲಿನಿಂದ ಮಾತು ಬಂತು. ಅಕ್ಕೋರು ಅವರನ್ನು ಕರೆದು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು. ಅವರ ಹೆಂಡತಿಗೆ ಡಯಾಲಿಸಿಸ್ ನಡೆದಿತ್ತು. ಅಕ್ಕೋರು ಶಿಫ್ಟು ಬದಲಿಸಿ ಕಳಿಸಿದರು. ಪಹರೆಯಲ್ಲಿ ನಿದ್ದೆ ಹೋದ ಸಿಪಾಯಿಗಳಿಗೆ ಸೇನಾಪತಿಗಳು ಮರಣದಂಡನೆ ಬರೆದರೆ, ಅಧ್ಯಕ್ಷರು ಎಷ್ಟೋ ಸಲ ಅದನ್ನು ಅಳಿಸುತ್ತಿದ್ದರಂತೆ. ಈ ಕಥೆಯನ್ನು ಕೇಳಿ ನಾನು ಮೆಚ್ಚಿಕೊಂಡು, “ದೇವರಂಥ ಮನುಷ್ಯ” ಎಂದೆ.

ಅಕ್ಕೋರು ತಿರುಗಿ ನೋಡಿದರು. “ದೇವರ ಗೀವರ ಅನಬ್ಯಾಡ. ಅದ ಮನುಷ್ಯಾ ಅಲ್ಲಿಯ ಮೂಲನಿವಾಸಿಗಳೊಳಗ ಮೂವತ್ತೆಂಟು ಮಂದಿನ್ನ ಒಂದ ದಿನಾ ಗಲ್ಲಿಗೆ ಹಾಕೂ ಆಜ್ಞಾ ಕೊಟ್ಟಾನ. ಮುನ್ನೂರಕ್ಕಿಂತ ಹೆಚ್ಚಿನ ಹೆಸರು ಬಂದಿದ್ದವು, ಒಂದೊಂದು ಕೇಸು ತಗಿಸಿ ನೋಡಿ ಕಡಿಮಿ ಮಾಡಿದಾ, ಖರೆ. ಆದ್ರ ಮೂವತ್ತೆಂಟು ಉಳದ್ವು. ಗುಲಾಮರ ಬಿಡುಗಡಿಗೆ ಸಹಿ ಹಾಕಿದ್ದೂ ಅದ ಚಳಿಗಾಲದಾಗ. ಎರಡೂ ಒಂದ ಕೈ.” ಹಾಗಾದರೆ ಅವನನ್ನು ಯಾಕೆ ಇಷ್ಟೊಂದು ಹಚ್ಚಿಕೊಂಡಿದ್ದೀರಿ ಎಂದು ಕೇಳಿದ್ದಕ್ಕೆ, “ಆತ ಯಾವುದನ್ನೂ ಮತ್ತೊಬ್ಬರ ತಲೀಗೆ ಕಟ್ಟಲಿಲ್ಲ, ಅದಕ್ಕ” ಎಂದರು.

ಆ ಎಲ್ಲ ಕಥೆಗಳಲ್ಲಿ ಅವರಿಗೆ ಪ್ರಿಯವಾದದ್ದು ಕಾಯುವ ಕಥೆ. ಬಿಡುಗಡೆಯ ಆಜ್ಞೆಯನ್ನು ಅಧ್ಯಕ್ಷರು ಒಂದು ಬೇಸಿಗೆಯಲ್ಲೇ ಬರೆದು ಮಂತ್ರಿಗಳಿಗೆ ಓದಿ ಹೇಳಿದ್ದರು. ಆಗ ಯುದ್ಧದಲ್ಲಿ ಸೋಲಿನ ಮೇಲೆ ಸೋಲು. ಹಿಂದೆ ಎದುರಾಳಿಯಾಗಿದ್ದ ಮಂತ್ರಿಯೊಬ್ಬ, ಈಗ ಹೊರಡಿಸಿದರೆ ಸೋಲುವವನ ಕೊನೆಯ ಕೂಗಿನ ಹಾಗೆ ಕೇಳಿಸುತ್ತದೆ, ಒಂದು ಗೆಲುವು ಬರಲಿ ಎಂದ. ಅಧ್ಯಕ್ಷರು ಒಪ್ಪಿ ಅದನ್ನು ಎತ್ತಿಟ್ಟರು. ಸುಮಾರು ಎರಡು ತಿಂಗಳ ಮೇಲೆ, ಗೆಲುವೆಂದು ಹೇಳಿಕೊಳ್ಳಬಹುದಾದ ಒಂದು ರಕ್ತಮಯ ಕದನ ಮುಗಿದ ಮೇಲೆ, ಅದನ್ನು ಸಾರಿದರು; ಕೊನೆಯ ಸಹಿ ಬಿದ್ದದ್ದು ಚಳಿಗಾಲದಲ್ಲಿ. “ನಿರ್ಧಾರ ಮಾಡೂದು ಒಂದು ಕೆಲಸ, ಅದನ್ನ ನಿಲ್ಲಿಸೂದು ಇನ್ನೊಂದು ಕೆಲಸ” ಎಂದು ಅಕ್ಕೋರು ಸ್ಟೇರಿಂಗಿನ ಮೇಲೆ ಬೆರಳು ಬಡಿಯುತ್ತ ಹೇಳುತ್ತಿದ್ದರು. ನಾಳೆ ಯಾರೂ ಕಿತ್ತು ಹಾಕದಂತೆ ನಿಲ್ಲಿಸಬೇಕು ಎಂದು ಅದರ ಅರ್ಥ.

ಕೊರೊನಾ ಬಂದ ಮೊದಲ ವಸಂತದಲ್ಲಿ ಅವರ ಸರದಿ ಬಂತು.

ಊರೆಲ್ಲ ಮನೆಯಲ್ಲಿದ್ದಾಗ ನಮಗೆ ಎರಡರಷ್ಟು ಕೆಲಸ. ಮಾಸ್ಕು ಸಿಗುತ್ತಿರಲಿಲ್ಲ. ಅಕ್ಕೋರು ಊಟದ ಮೇಜುಗಳನ್ನು ಅಂಗಳದ ಡೇರೆಗೆ ಸಾಗಿಸಿದರು, ಶಿಫ್ಟುಗಳನ್ನು ಒಡೆದರು, ಹಳೆಯ ಬೆಡ್‌ಶೀಟು ತಂದು ಮಾಸ್ಕು ಹೊಲಿಸಿದರು. ಒಂದು ಸೋಮವಾರ ಬೆಳಿಗ್ಗೆ ಆ ಕೆನಡಿಯನ್ ನೇರವಾಗಿ ಅವರ ಕೋಣೆಗೆ ಬಂದ. ನಾನೂ ಅಲ್ಲೇ ಇದ್ದೆ. ತಂಪು ವಿಭಾಗದಲ್ಲಿ ರಜೆ ಹಾಕಿದವರೆಲ್ಲ ಒಟ್ಟಿಗೆ ಕಾರಿನಲ್ಲಿ ಬರುವವರು, ಎಲ್ಲರಿಗೂ ಜ್ವರ, ಇನ್ನಿಬ್ಬರು ಈಗ ಕೆಮ್ಮುತ್ತಲೇ ನಿಂತಿದ್ದಾರೆ ಎಂದ. “ಇದು ಕಟ್ಟಡದ ಒಳಗೇ ಇದೆ. ಮುಚ್ಚಬೇಕು” ಎಂದು ಇಂಗ್ಲಿಷಿನಲ್ಲಿ, ಎಂದಿನ ಜಗಳದ ದನಿ ಬಿಟ್ಟು, ಮೆಲ್ಲಗೆ ಹೇಳಿದ.

ಅಕ್ಕೋರು ಕೆಮ್ಮುತ್ತಿದ್ದವರನ್ನು ಆಗಲೇ ಮನೆಗೆ ಕಳಿಸಿದರು. ಆಮೇಲೆ ಹೆಡ್ ಆಫೀಸಿಗೆ ಫೋನ್ ಮಾಡಿದರು. ಮುಚ್ಚುವ ಮಾತೇ ಬೇಡ ಎಂಬ ಉತ್ತರ ಬಂತು. ಅಂಗಡಿಗಳು ಖಾಲಿಯಾದರೆ ಜನ ಗಾಬರಿಯಾಗುತ್ತಾರೆ, ಆಸ್ಪತ್ರೆಗಳಿಗೆ ಏನು ಹೇಳುವುದು, ಯಾರಿಗಾದರೂ ಟೆಸ್ಟಿನಲ್ಲಿ ಬಂದಿದೆಯೇ, ಇಲ್ಲವಲ್ಲ. ಫೋನ್ ಇಟ್ಟು ಅಕ್ಕೋರು ನಮ್ಮಿಬ್ಬರನ್ನೂ ನೋಡಿದರು.

“ಮುಚ್ಚತೀನಿ” ಎಂದರು, ಮೊದಲು ನನಗೆ ಕನ್ನಡದಲ್ಲಿ, ಆಮೇಲೆ ಅವನಿಗೆ ಇಂಗ್ಲಿಷಿನಲ್ಲಿ. “ಆದ್ರ ಇವತ್ತಲ್ಲ. ಇವತ್ತ ಮುಚ್ಚಿದ್ರ ನಾಳೆ ನನ್ನ ತೆಗದು ಇನ್ನೊಬ್ಬರನ್ನ ಕೂಡ್ರಸ್ತಾರ, ಅವರು ಬಾಗಲಾ ತೆರೀತಾರ. ಮೊದಲ ಲೋಡೆಲ್ಲಾ ಪೂರ್ವದ ಕಡೆ ಇರೂ ನಮ್ಮ ಇನ್ನೊಂದು ವೇರ್‌ಹೌಸಿಗೆ ಹೊಳ್ಳಸ್ತೀನಿ. ತೆರೀಲಿಕ್ಕೆ ಕಾರಣಾನ ಉಳೀಬಾರದು.”

“ಅಲ್ಲಿವರೆಗೂ ಜನ ಒಳಗೇ ಇರ್ತಾರಲ್ಲ ಅಕ್ಕೋರೇ?” ಎಂದೆ.

“ಇರ್ತಾರ” ಎಂದರು. ಅವರ ದನಿ ಗಟ್ಟಿಯಾಗಿಯೇ ಇತ್ತು.

ಆ ವಾರ ಅವರು ಕೆಲಸ ಮಾಡಿದ ರೀತಿಯನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ. ಒಂದೊಂದು ಊರಿನ ಲಾರಿಯನ್ನೂ ಒಂದೊಂದು ನೆಪ ಹೇಳಿ ಪೂರ್ವಕ್ಕೆ ತಿರುಗಿಸಿದರು. ಆ ಕೆನಡಿಯನ್ ತನ್ನ ಹಳೆಯ ಪರಿಚಯದವರನ್ನೆಲ್ಲ ಹಿಡಿದು ಡ್ರೈವರುಗಳನ್ನು ಒಪ್ಪಿಸಿದ. ಅಕ್ಕೋರು ದಿನವಿಡೀ ಒಳಗೆ ಕೆಲಸದವರ ನಡುವೆಯೇ ನಿಂತರು. ಉಳಿದವರಿಗೆ ಎಷ್ಟು ಅಪಾಯವೋ ತನಗೂ ಅಷ್ಟೇ ಇರಲಿ ಎಂದು ಬೇಕೆಂದೇ ನಿಂತಿದ್ದರು ಎಂದು ನನ್ನ ನಂಬಿಕೆ. ಕೇಳಿದ್ದರೆ ಒಪ್ಪುತ್ತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಎಲ್ಲರನ್ನೂ ಅಂಗಳಕ್ಕೆ ಕರೆದು, ಸಂಬಳ ನಿಲ್ಲುವುದಿಲ್ಲ, ಮನೆಗೆ ಹೋಗಿ, ಎಲ್ಲರೂ ಟೆಸ್ಟು ಮಾಡಿಸಿಕೊಳ್ಳಿ ಎಂದು ಹೇಳಿ ಬಾಗಿಲು ಎಳೆಸಿದರು. ಹೆಡ್ ಆಫೀಸಿನವರು ಕೂಗಾಡಿದರು. ತೆರೆಸಲು ಅವರಿಗೆ ಕಾರಣ ಸಿಗಲಿಲ್ಲ, ಯಾವ ಅಂಗಡಿಯೂ ಖಾಲಿಯಾಗಿರಲಿಲ್ಲ. ಟೆಸ್ಟಿನಲ್ಲಿ ಎಷ್ಟೋ ಜನರಿಗೆ ಸೋಂಕು ಕಂಡಾಗ, ಇನ್ನೊಂದು ವಾರ ತೆರೆದಿದ್ದರೆ ಏನಾಗುತ್ತಿತ್ತು ಎಂಬುದು ಎಲ್ಲರಿಗೂ ತಿಳಿಯಿತು. ಕೂಗಾಡಿದವರೇ ಆಮೇಲೆ, ನಮ್ಮ ಕಂಪನಿ ಮುಂಜಾಗ್ರತೆಯಿಂದ ಮುಚ್ಚಿತು ಎಂದು ಪತ್ರಿಕೆಯವರಿಗೆ ಹೇಳಿದರು.

ಆದರೆ ಒಬ್ಬ ಹೋದ. ಲಾರಿಗಳಿಂದ ಸರಕು ಇಳಿಸುವ ಡಾಕಿನ ಮುಖ್ಯಸ್ಥ, ಗೋಕಾಕದ ಕಡೆಯವನು. ಶಾಲೆಯ ದಿನಗಳಿಂದ ಅಕ್ಕೋರನ್ನು ಬಲ್ಲವನು, ಮೊದಲ ಸಲ ಅವರನ್ನು ಇಲ್ಲಿ ಆ ಹೆಸರಿನಿಂದ ಕೂಗಿದವನು ಅವನೇ. ಮುಚ್ಚಿದ ಮರುವಾರ ಅವನಿಗೆ ಜ್ವರ ಬಂತು. ನ್ಯೂಮಾರ್ಕೆಟ್ಟಿನ ಆಸ್ಪತ್ರೆಯಲ್ಲಿ ಕೆಲವು ವಾರ ಉಸಿರಿನ ಯಂತ್ರದ ಮೇಲಿದ್ದು ತೀರಿಕೊಂಡ. ಯಾವ ದಿನ, ಎಲ್ಲಿ ತಗುಲಿತು ಎಂದು ಯಾವ ಡಾಕ್ಟರೂ ಹೇಳಲಾರರು. ಸೋಮವಾರಕ್ಕಿಂತ ಮೊದಲೇ ತಗುಲಿರಬಹುದು. ಆ ವಾರದ ನಡುವೆಯೂ ಇರಬಹುದು.

ಹೆಡ್ ಆಫೀಸಿನ ವಕೀಲರು ವಿಡಿಯೋ ಕಾಲಿನಲ್ಲಿ ನಮಗೆಲ್ಲ ನಯವಾಗಿ ತಿಳಿಹೇಳಿದರು. ಶುಕ್ರವಾರ ಬೆಳಿಗ್ಗೆಯವರೆಗೆ ಯಾರಿಗೂ ಏನೂ ಖಚಿತವಾಗಿ ಗೊತ್ತಿರಲಿಲ್ಲ, ಗೊತ್ತಾದ ಕೂಡಲೇ ಮುಚ್ಚಲಾಯಿತು, ಯಾರು ಕೇಳಿದರೂ ಇಷ್ಟೇ ಹೇಳಬೇಕು ಎಂದರು. ಅಕ್ಕೋರು ತಮ್ಮ ಮೈಕು ಆನ್ ಮಾಡಲೇ ಇಲ್ಲ.

ಬೇಸಿಗೆಯಲ್ಲಿ ನಿರ್ಬಂಧ ಸ್ವಲ್ಪ ಸಡಿಲವಾದಾಗ, “ಅವನ ಮನೀಗೆ ಹೋಗೂಣು, ನೀನೂ ಬಾ” ಎಂದರು ಅಕ್ಕೋರು. ಬೋಲ್ಟನ್ನಿನಲ್ಲಿ ಅವರದು ಸಾಲುಮನೆ. ಆಗ ಯಾರೂ ಯಾರನ್ನೂ ಮನೆಯೊಳಗೆ ಕರೆಯುತ್ತಿರಲಿಲ್ಲ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದು, ದೂರ ದೂರ ಕುರ್ಚಿ ಹಾಕಿ ಕೂರಿಸಿದರು. ಹೆಂಡತಿ ಟೀ ತಂದಿಟ್ಟಳು. ಹೈಸ್ಕೂಲಿಗೆ ಹೋಗುವ ಮಗಳು ಒಳಬಾಗಿಲಿಗೆ ಒರಗಿ ನಿಂತಿದ್ದಳು. ಸ್ವಲ್ಪ ಹೊತ್ತು ಅವನ ಮಾತು, ಅವನ ನಗುವಿನ ಮಾತು ನಡೆಯಿತು. ಆಮೇಲೆ ಆಕೆ ಕೇಳಿದಳು.

“ಅಕ್ಕೋರ, ಒಂದ್ ಮಾತ ಕೇಳತೇನಿ, ತಪ್ಪ ತಿಳೀಬ್ಯಾಡ್ರಿ. ಮುಚ್ಚಬೇಕಂತ ನಿಮಗ ಯಾವಾಗ ಅನಿಸಿದ್ದು?”

ವಕೀಲರ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಕ್ಕೋರು ಕಪ್ಪು ಕೆಳಗಿಟ್ಟರು.

“ಸೋಮವಾರ.”

“ಮುಚ್ಚಿದ್ದು?”

“ಶುಕ್ರವಾರ.”

ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಓಡುತ್ತಿತ್ತು. ಮಗಳಿಗೆ ಕನ್ನಡ ತಿಳಿಯುತ್ತಿತ್ತು, ಆದರೂ ಇವರಿಗೆ ಮೊದಲೇ ಗೊತ್ತಿತ್ತೇ ಎಂದು ಅವಳು ಕೇಳಿದ್ದು ಇಂಗ್ಲಿಷಿನಲ್ಲಿ. “ವೇಟ್, ಶಿ ನ್ಯೂ? ಅಮ್ಮಾ, ಶಿ ನ್ಯೂ?”

ತಾಯಿ ಮಗಳ ಕಡೆ ನೋಡಲಿಲ್ಲ. “ಆ ಅಷ್ಟೂ ದಿನಾ ನಮ್ಮ ಮನಿಯವ್ರು ಡಾಕಿನ್ಯಾಗ ಇದ್ರು, ಅಕ್ಕೋರ.”

“ಇದ್ದಾ. ನಾ ದಿನಾ ನೋಡೀನಿ. ದಿನಾ ಮಾತಾಡ್ಸೀನಿ.”

“ಮನ್ಯಾಗ ಇರೋ ತಮ್ಮಾ ಅಂತ ಒಂದ್ ಮಾತ ಅನಾಕ ಆಗ್ಲಿಲ್ಲೇನ್ರಿ?”

“ಒಬ್ಬರಿಗೆ ಹೇಳಿದ್ರ ಎಲ್ಲಾರಿಗೂ ಹೇಳಬೇಕಾಗಿತ್ತು. ಎಲ್ಲಾರಿಗೂ ಗೊತ್ತಾದ್ರ ಮ್ಯಾಲಿನವರು ನನ್ನ ಕಿತ್ತಹಾಕಿ ಬಾಗಲಾ ತೆರದಿಡ್ತಿದ್ರು. ಇನ್ನೂ ಮಂದಿ ಹೋಗ್ತಿದ್ರು. ಅವತ್ತು ನಾ ಹಂಗ ತಿಳದೆ. ಇವತ್ತೂ ಹಂಗ ತಿಳೀತೀನಿ. ಆದ್ರ ಅದರ ಬೆಲೆ ನಾ ಕೊಡಲಿಲ್ಲ ತಂಗಿ. ನೀ ಕೊಟ್ಟಿ.”

ಆಕೆ ಎದ್ದು ಗ್ಯಾರೇಜಿನ ಗೋಡೆಯಲ್ಲಿ ಬಾಗಿಲು ಇಳಿಸುವ ಗುಂಡಿಯ ಹತ್ತಿರ ನಿಂತಳು. “ಹೋಗ್ರಿ ಅಕ್ಕೋರ” ಎಂದಳು. ನಾವು ಹೊರಗೆ ಬಂದೆವು. ಬಾಗಿಲು ನಮ್ಮ ಬೆನ್ನ ಹಿಂದೆ ನಿಧಾನವಾಗಿ ಇಳಿಯಿತು.

ಕಾರಿನಲ್ಲಿ ನಾನು ತಡೆಯಲಾರದೆ, “ಯಾಕೆ ಹೇಳಿದ್ರಿ? ಯಾವ ದಿನ ಬಂತು ಅಂತ ಯಾರಿಗೂ ಗೊತ್ತಿಲ್ಲ. ಆಕೆಗೂ ಸಮಾಧಾನ ಇರ್ತಿತ್ತು” ಎಂದೆ. ಅಂದು ಅಕ್ಕೋರ ಕೈ ಸ್ಟೇರಿಂಗಿನ ಮೇಲೆ ಇರಲಿಲ್ಲ, ಓಡಿಸುತ್ತಿದ್ದವಳು ನಾನು.

“ಅಧ್ಯಕ್ಷರು ಗೆಲುವಿಗೆ ಕಾಯ್ದ್ರಲ್ಲಾ, ಆ ಎರಡ ತಿಂಗಳು” ಎಂದು ಹೇಳಿದರು. “ನಾ ವರ್ಷಗಟ್ಟಲೆ ಆ ಪಾಠ ಹೇಳೀನಿ. ಕಾಯ್ದದ್ದು ಶಾಣ್ಯಾತನ ಅಂತ ಹೇಳೀನಿ. ಈಗೂ ಅದ ಹೇಳ್ತೀನಿ. ಆದ್ರ ಆ ಎರಡ ತಿಂಗಳದಾಗ ಸಂಕೋಲಿ ಹಾಕ್ಕೊಂಡ ಸತ್ತಾವನ ಹೆಂಡ್ತಿ ಎದುರಿಗೆ ನಿಂತು ಅದನ್ನ ಹೇಳಲಿಕ್ಕೆ ಬರ್ತದೇನು ಅಂತ ಒಂದ ದಿನಾನೂ ವಿಚಾರ ಮಾಡಿರಲಿಲ್ಲ. ಹೇಳಲಿಕ್ಕೆ ಬರಬೇಕು. ಬರಲಿಲ್ಲಂದ್ರ ನಿರ್ಧಾರಾನ ಮಾಡಬಾರದು.”

ಗೋಕಾಕದವನ ಹೆಂಡತಿ ವಿಷಯವನ್ನು ಸರ್ಕಾರದ ಕಾರ್ಮಿಕ ಇಲಾಖೆಯವರೆಗೆ ಒಯ್ದಳು. ವಿಚಾರಣೆ ನಡೆದಾಗ ಅಕ್ಕೋರು ಅದೇ ಎರಡು ದಿನಗಳನ್ನು ಅದೇ ದನಿಯಲ್ಲಿ ಹೇಳಿದರು, ಹೆಡ್ ಆಫೀಸಿನ ಫೋನಿನ ಮಾತನ್ನೂ ಹೇಳಿದರು. ಆ ಕೆನಡಿಯನ್ ಅವರ ಪಕ್ಕದಲ್ಲೇ ನಿಂತು ಒಂದೊಂದಕ್ಕೂ ಹೌದೆಂದ. ಅಕ್ಕೋರ ಕೆಲಸ ಹೋಯಿತು. ಆದರೆ ಆಮೇಲೆ ಕಂಪನಿ ಒಂದು ನಿಯಮ ಬದಲಿಸಲೇಬೇಕಾಯಿತು. ಜನರ ಜೀವಕ್ಕೆ ಅಪಾಯವೆನಿಸಿದರೆ ಯಾವ ವೇರ್‌ಹೌಸಿನ ಮುಖ್ಯಸ್ಥರೂ ಯಾರನ್ನೂ ಕೇಳದೆ ಆಗಿಂದಾಗಲೇ ಬಾಗಿಲು ಮುಚ್ಚಬಹುದು. ಈಗ ಆ ಕುರ್ಚಿಯಲ್ಲಿ ನಾನಿದ್ದೇನೆ. ಹೋದ ವರ್ಷ ತಂಪು ವಿಭಾಗದ ಪೈಪು ಸೋರಿ ಅಮೋನಿಯಾದ ವಾಸನೆ ಬಂದಾಗ ಆ ಅಧಿಕಾರವನ್ನು ಒಮ್ಮೆ ಬಳಸಿದೆ. ಒಂದು ಫೋನೂ ಮಾಡಲಿಲ್ಲ.

ಅಕ್ಕೋರು ಮತ್ತೆ ಪಾಠಕ್ಕೆ ನಿಂತರು. ಅರೋರಾದಲ್ಲಿ ಹೊಸದಾಗಿ ಬಂದವರಿಗೆ ಇಂಗ್ಲಿಷ್ ಕಲಿಸುವ ತರಗತಿ. ಅಲ್ಲಿಯೂ ಕಥೆಯನ್ನು ಗಂಟಿನ ಮೇಲೆ ನಿಲ್ಲಿಸಿ, “ನೌ ಯು ಆರ್ ದ ಪ್ರೆಸಿಡೆಂಟ್” ಎನ್ನುತ್ತಿದ್ದರಂತೆ. ಸಿರಿಯಾದ ಅಜ್ಜಿಯೊಬ್ಬರು ನಾನಾಗಿದ್ದರೆ ಯುದ್ಧವನ್ನೇ ಮಾಡುತ್ತಿರಲಿಲ್ಲ ಎಂದಾಗ ಇವರು ಆ ಇಡೀ ದಿನದ ಪಾಠವನ್ನು ಆ ಅಜ್ಜಿಗೇ ಬಿಟ್ಟುಕೊಟ್ಟರು ಎಂದು ನಗುತ್ತ ಹೇಳಿದ್ದರು.

ಕಳೆದ ಶರತ್ಕಾಲದಲ್ಲಿ, ತರಗತಿ ಮುಗಿಸಿ ಬಂದ ಸಂಜೆ, ಎದೆನೋವು ಎಂದು ಕುಳಿತವರು ಏಳಲಿಲ್ಲ. ನ್ಯೂಮಾರ್ಕೆಟ್ಟಿನ ಸಂಸ್ಕಾರ ಭವನದಲ್ಲಿ ಜಾಗ ಸಾಲದೆ ಜನ ಕಾರಿಡಾರಿನಲ್ಲಿ ನಿಂತರು. ವೇರ್‌ಹೌಸಿನವರು, ತರಗತಿಯವರು, ಧಾರವಾಡದವರು. ಅಕ್ಕೋರ ಗಂಡ ಮುಂದಿನ ಸಾಲಿನಲ್ಲಿ ಒಬ್ಬರೇ ಕುಳಿತಿದ್ದರು, ಅವರಿಗೆ ಮಕ್ಕಳಿರಲಿಲ್ಲ. ಯಾರಾದರೂ ಮಾತನಾಡುವಿರಾ ಎಂದು ಭವನದವರು ಕೇಳಿದಾಗ ಕೆಲವರು ಒಳ್ಳೆಯ ಮಾತು ಹೇಳಿದರು. ಆಮೇಲೆ ಹಿಂದಿನಿಂದ ಆಕೆ ಎದ್ದು ಬಂದಳು, ಗೋಕಾಕದವನ ಹೆಂಡತಿ. ಅವಳು ಬಂದಿರುವುದೇ ನನಗೆ ಗೊತ್ತಿರಲಿಲ್ಲ. ಗ್ಯಾರೇಜಿನ ಆ ದಿನದ ಮೇಲೆ ಅವರಿಬ್ಬರೂ ವಿಚಾರಣೆಯ ಕೋಣೆಯ ಹೊರಗೆ ಒಂದು ಮಾತೂ ಆಡಿದವರಲ್ಲ. ಭವನದಲ್ಲಿ ಅರ್ಧ ಜನಕ್ಕೆ ಕನ್ನಡ ಬಾರದು, ಆಕೆ ಅದನ್ನು ಲೆಕ್ಕಿಸಲಿಲ್ಲ.

“ನಮ್ಮ ಮನಿಯವ್ರು ತೀರಕೊಂಡಾಗ ಕಂಪನಿಯವ್ರು ಹೂ ಕಳಿಸಿದ್ರು. ಯಾರಿಗೂ ಏನೂ ಗೊತ್ತಿದ್ದಿಲ್ಲ ಅಂತ ಎಲ್ಲಾರೂ ಅಂದ್ರು. ಇವ್ರೊಬ್ರು ನನಗ ಗೊತ್ತಿತ್ತು ಅಂದ್ರು. ನಾ ಇವ್ರನ್ನ ಮಾಫ್ ಮಾಡಿಲ್ಲ. ಮಾಡು ಅಂತ ಇವ್ರು ಕೇಳೂ ಇಲ್ಲ. ಆದ್ರ ನನ್ನ ಮಗಳು, ಅಪ್ಪ ಹೆಂಗ ಹ್ವಾದಾ ಅಂತ ಎಷ್ಟ ಸಲ ಕೇಳಿದ್ರೂ, ನಾ ಆಕಿಗೆ ಒಂದೂ ಸುಳ್ಳ ಹೇಳೂ ಪ್ರಸಂಗ ಬಂದಿಲ್ಲ. ಅದು ಇವ್ರಿಂದ ಐತಿ.”

ಅಷ್ಟು ಹೇಳಿ ಆಕೆ ಹಿಂದೆ ತನ್ನ ಜಾಗಕ್ಕೆ ಹೋಗಲಿಲ್ಲ. ಮುಂದಿನ ಸಾಲಿಗೆ ಬಂದು, ಅಕ್ಕೋರ ಗಂಡನ ಪಕ್ಕದ ಕುರ್ಚಿಯನ್ನು ಎಳೆದುಕೊಂಡು, ಎಲ್ಲ ಮುಗಿಯುವವರೆಗೂ ಅಲ್ಲೇ ಕುಳಿತಳು.